ಲಾಭ, ಎರಡು, ಮೂರು

ಆಗಸ್ಟ್ ಒಂಬತ್ತು, ಮಂಗಳವಾರ, ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಶುರುವಾದ ಹೊತ್ತು ಎಂದು ನನ್ನ ದಿನಚರಿಯಲ್ಲಿ ಇದನ್ನೇ ಬರೆದುಕೊಂಡಿದ್ದೇನೆ. ಆಗ ನಾನು ನೋಡುತ್ತಿದ್ದದ್ದು ದೊಡ್ಡವ್ವನ ಬಲಗೈ ಹೆಬ್ಬೆರಳನ್ನು. ವರ್ಷಗಟ್ಟಲೆ ಹೊಗೆಸೊಪ್ಪು ಕಟ್ಟಿ ಆ ಬೆರಳಿಗೆ ಕರಿ ಅಂಟು ಹಿಡಿದುಬಿಟ್ಟಿತ್ತು. ಸೋಪಿಗೂ ಬಿಡದು, ಸೀಮೆಎಣ್ಣೆಗೂ ಬಿಡದು. ಉಗುರು ಸುಟ್ಟ ಹುಣಸೆಬೀಜದ ಹಾಗೆ ಕಾಣುತ್ತಿತ್ತು.

ದೊಡ್ಡವ್ವ ನಮಗೆ ನೆಂಟರ ಪೈಕಿಯಲ್ಲ. ಹನಗೋಡಿನ ಹತ್ತಿರದ ನಮ್ಮೂರಿನಲ್ಲಿ ಪಕ್ಕದ ಮನೆಯವಳು, ಭೇರ್ಯದ ಕಡೆಯಿಂದ ಮದುವೆಯಾಗಿ ಬಂದವಳು. ಸೊಪ್ಪಿನ ಕಾಲದಲ್ಲಿ, ಅದನ್ನು ಬೇಯಿಸುವ ನಮ್ಮ ಬ್ಯಾರನ್ ಮುಂದಿನ ಚಪ್ಪರದಲ್ಲಿ ಅವಳದೇ ಆಡಳಿತ. ಹಸಿ ಎಲೆಗಳನ್ನು ಮೂರು ಮೂರರಂತೆ ಹಿಡಿಮಾಡಿ ದಾರದಿಂದ ಕಡ್ಡಿಗೆ ಕಟ್ಟಬೇಕು. ಆ ಕಡ್ಡಿಗಳು ಬ್ಯಾರನ್ ಒಳಗೆ ಸಾಲಾಗಿ ತೂಗಿ, ಕೆಳಗಿನ ಒಲೆಯ ಕಾವಿಗೆ ಬೇಯುತ್ತವೆ. ಒಂದು ಕಡ್ಡಿಗೆ ನಲವತ್ತು ಹಿಡಿ. ದೊಡ್ಡವ್ವ ಪ್ರತಿ ಹಿಡಿಯನ್ನೂ ಬಾಯಿಬಿಟ್ಟು ಎಣಿಸುತ್ತಿದ್ದಳು: ಲಾಭ, ಎರಡು, ಮೂರು. ರಾಗಿ ಅಳೆಯುವಾಗಲೂ ನಮ್ಮ ಕಡೆ ಮೊದಲ ಸೇರಿಗೆ ಒಂದು ಅನ್ನುವುದಿಲ್ಲ, ಲಾಭ ಎನ್ನುತ್ತಾರೆ. ನನಗೆ ಲೆಕ್ಕ ಇಡುವ ಹುಚ್ಚು ಹತ್ತಿದ್ದು ಅವಳಿಂದಲೇ.

"ಓದೋ ಉಡ್ಗಿ ಕೈ ನೋಡು, ಬೆಣ್ಣೆ ಮುಟ್ದಂಗೆ ಮುಟ್ತಾಳೆ. ಸೊಪ್ಪೇನು ಕಚ್ತದಾ?" ಎಂದು ಅವಳು ಆ ಬೆಳಗ್ಗೆ ನಗುತ್ತಿದ್ದಳು. ನನಗೆ ಆಗ ಹದಿನೇಳು ವರ್ಷ. ನಾನೂ ನಕ್ಕು ಹೊಸ ಕಡ್ಡಿ ಎತ್ತಿಕೊಂಡು ಎಣಿಸಲು ಬಾಯಿ ತೆರೆದೆ. "ಒಂದು" ಅಂತ ಬಂತು. ನಾನು ಹೇಳಿದ್ದಲ್ಲ. ದನಿ ದಪ್ಪಗಿತ್ತು, ಆತುರವೇ ಇರಲಿಲ್ಲ. ಎರಡು, ಮೂರು ಎನ್ನುತ್ತಾ ಹೋಯಿತು. ಹೇಳಿದ ಒಂದೊಂದು ಅಂಕಿಗೂ ನನ್ನ ಕೈ ಒಂದೊಂದು ಎಲೆಯನ್ನು ಸೀಳಿ ಎಸೆಯುತ್ತಿತ್ತು. ನಾನು ಕಣ್ಣಿನ ಹಿಂದೆ ಎಲ್ಲೋ ಕೂತು ಅದನ್ನು ನೋಡುತ್ತಿದ್ದೆ. ನಿಲ್ಲು ಎಂದರೆ ಕೈ ಕೇಳಲಿಲ್ಲ. ಬೇರೆಯವರ ಮನೆಯ ಕಿಟಕಿಯಿಂದ ನನ್ನ ಮನೆಯನ್ನು ನೋಡಿದ ಹಾಗಿತ್ತು.

ಹದಿನೈದು ನಿಮಿಷಕ್ಕೆ ಬಿಟ್ಟಿತು. ಇದೂ ಸೇರಿ ಏಳು ವಾರದಲ್ಲಿ ಅದು ಒಟ್ಟು ಹನ್ನೊಂದು ಸಲ ಬಂತು.

ಹುಣಸೂರಿನ ಡಾಕ್ಟರು ಮಾತ್ರೆ ಬರೆದುಕೊಟ್ಟರು. ಚಿಕ್ಕಪ್ಪನಿಗೆ ಅದರಲ್ಲಿ ನಂಬಿಕೆಯಿರಲಿಲ್ಲ. ಕೋಟೆ ತಾಲ್ಲೂಕಿನ ಕಡೆ ಒಬ್ಬನಿದ್ದಾನೆ, ಹುಣಸೆ ಬರಲಿನಲ್ಲಿ ಬಾರಿಸಿದರೆ ಎಂಥ ಗಾಳಿಯೂ ಓಡುತ್ತದೆ ಎಂದು ಬೈಕ್ ತಂದು ನಿಲ್ಲಿಸಿದ. ಅವ್ವ ಅಳುತ್ತಾ ನನ್ನ ಬಟ್ಟೆ ಚೀಲಕ್ಕೆ ತುಂಬುತ್ತಿದ್ದಳು. ದೊಡ್ಡವ್ವ ಬಂದು ಬಾಗಿಲಿಗೆ ಅಡ್ಡ ಕೂತಳು.

"ಏಳಮ್ಮೋ, ಒತ್ತಾಯ್ತದೆ," ಎಂದ ಚಿಕ್ಕಪ್ಪ.

"ಒಡುದ್ರೆ ನೋಯೋದು ಈ ಮಗೀಗೆ ಕಣಪ್ಪ. ಅದ್ಕೇನ್ ನೋಯ್ತದೆ? ಅದ್ಕೆ ಮೈ ಎಲ್ಲದೆ?"

"ನಿಂಗೇನ್ ಗೊತ್ತು?"

"ನಂಗ್ ಗೊತ್ತಿರೋದ್ಕೇ ಬಾಗ್ಲಲ್ ಕುಂತಿರೋದು. ದಾಟ್ಕಂಡ್ ಓಗು ನೋಡಾನ."

ಚಿಕ್ಕಪ್ಪ ದಾಟಲಿಲ್ಲ. ದೊಡ್ಡವ್ವ ನನ್ನ ಕಡೆ ತಿರುಗಿ, "ಮಾತ್ರೇನೂ ನುಂಗು, ಲೆಕ್ಕಾನೂ ಬುಡ್ಬೇಡ. ಲಾಭ ಅನ್ನೋಳು ನೀನು, ಒಂದು ಅನ್ನೋದು ಅದು. ಅಷ್ಟು ಗುರ್ತು ಮಡಿಕ್ಕೊ," ಎಂದಳು.

ಸೆಪ್ಟೆಂಬರ್ ಮೂರು, ಶನಿವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಇದು ಆರನೆಯ ಸಲ. ನನ್ನ ಬಲಗೈ ಬ್ಯಾರನ್ ಒಲೆಯ ಕಬ್ಬಿಣದ ಬಾಗಿಲ ಕಡೆಗೆ ಹೋಗುತ್ತಿತ್ತು. ಬಾಗಿಲು ಕಾದು ಕೆಂಪಡರಿತ್ತು. ಬಾಯಿ ಒಂದರಿಂದ ಎಣಿಸುತ್ತಿತ್ತು. ಹತ್ತಕ್ಕೆ ಅಂಗೈ ಅಲ್ಲಿ ಇರುತ್ತದೆ ಎಂದು ಹೇಗೋ ನನಗೆ ಗೊತ್ತಾಗಿತ್ತು. ಕೂಗಲು ಬಾಯಿ ನನ್ನದಾಗಿರಲಿಲ್ಲ.

ದೊಡ್ಡವ್ವ ಓಡಿಬಂದು ತನ್ನ ಎಡಗೈಯನ್ನು ನಡುವೆ ಇಟ್ಟಳು. ನನ್ನ ಕೈ ಅವಳ ಕೈಯನ್ನು ಕಬ್ಬಿಣಕ್ಕೆ ಒತ್ತಿತು. ಚರ್ಮ ಸುಟ್ಟ ವಾಸನೆ ಬಂತು. ಅವಳು ಕಿರುಚಲಿಲ್ಲ. ಬಲಗೈಯಿಂದ ನನ್ನ ಗಲ್ಲ ಹಿಡಿದು, "ಲಾಭ" ಎಂದಳು. ಕಾದಳು. ಮತ್ತೆ "ಲಾಭ ಕಣವ್ವ, ಮುಂದ್ಕೆ ನೀನೇಳು," ಎಂದಳು. ಎಷ್ಟೋ ಆಳದಿಂದ ನಾನು "ಎರಡು" ಎಂಬುದನ್ನು ಎಳೆದು ತಂದೆ. ಏಳಕ್ಕೆ ನನ್ನ ಬೆರಳು ಸಡಿಲವಾದವು.

"ನಾನಲ್ಲ ದೊಡ್ಡವ್ವ, ನಾನ್ ಮಾಡಿದ್ದಲ್ಲ," ಎಂದು ಅತ್ತೆ.

"ನೀನಲ್ಲ ಅಂತ ನಂಗೊತ್ತು. ಆದ್ರೆ ಕೈ ನಿಂದೇಯ. ಅದುನ್ನ ಬುಟ್ಕೊಡ್ಬೇಡ," ಎಂದಳು. ಆಮೇಲೆ ಸುಟ್ಟ ಕೈಯನ್ನು ನೀರಿನ ಬಕೆಟ್ಟಿಗೆ ಅದ್ದಿ, "ಆ ಕಡ್ಡಿ ಅರ್ಧುಕ್ಕೆ ನಿಂತದೆ, ಮುಗ್ಸು," ಎಂದಳು.

ಹನ್ನೊಂದನೆಯ ಸಲ ಬಂದದ್ದು ಸೆಪ್ಟೆಂಬರ್ ಇಪ್ಪತ್ತೇಳಕ್ಕೆ. ಆಮೇಲೆ ಬರಲಿಲ್ಲ. ಡಾಕ್ಟರು ಮಾತ್ರೆಯಿಂದ ಎಂದರು, ಅವ್ವ ದೇವರಿಂದ ಎಂದಳು. ದೊಡ್ಡವ್ವ ಬಾಯಿಬಿಟ್ಟದ್ದು ಒಂದು ದಿನ ನಾನೇ ಕೇಳಿದಾಗ.

"ನಂಗೂ ಮೆಟ್ಕಂಡಿತ್ತು ಕಣ್ ಮಗ, ಭೇರ್ಯದಲ್ಲಿ, ನಿನ್ನಷ್ಟಿದ್ದಾಗ. ಒಬ್ಳು ಎಣ್ಸಿ ಎಣ್ಸಿ ಈಚೆಗ್ ಕರ್ಕಂಡ್ಳು."

"ಯಾರು?"

"ಕಳೆ ಕೀಳೋಕೆ ಬತ್ತಿದ್ಳು, ಬುಡು."

"ಪೂರ್ತಿ ಹೋಯ್ತಾ ದೊಡ್ಡವ್ವ?"

ಅವಳು ದಾರಕ್ಕೆ ಗಂಟು ಹಾಕಿ ಮುಂದಿನ ಹಿಡಿ ಎತ್ತಿಕೊಂಡಳು.

ಹೋದ ವರ್ಷ ಫೆಬ್ರವರಿಯಲ್ಲಿ ದೊಡ್ಡವ್ವನಿಗೆ ಲಕ್ವ ಹೊಡೆಯಿತು. ಮೂರು ದಿನ ಮಲಗಿದ್ದಳು. ಮೂರನೆಯ ಬೆಳಗ್ಗೆ ಅವಳ ಬಾಯಿ ಎಣಿಸತೊಡಗಿತು. ದಪ್ಪ ದನಿ, ಆತುರವಿಲ್ಲ. ಒಂದು, ಎರಡು, ಮೂರು. ಸುತ್ತ ನಿಂತವರು "ಸೊಪ್ಪಿನ ಲೆಕ್ಕ ಹಾಕ್ತಾವ್ಳೆ ಪಾಪ," ಎಂದರು. ನನಗೆ ಆ ದನಿಯ ಗುರುತಿತ್ತು.

ಕಿವಿಯ ಹತ್ತಿರ ಬಾಗಿ "ಲಾಭ" ಎಂದೆ. ಅದು ತನ್ನ ಪಾಡಿಗೆ ಎಣಿಸುತ್ತಲೇ ಇತ್ತು. ಮತ್ತೆ ಎಂದೆ. ಹದಿನಾಲ್ಕು ಸಲ ಎಂದೆ. ಹದಿನೈದನೆಯದಕ್ಕೆ ದನಿ ನಿಂತಿತು. ಕರಿ ಹೆಬ್ಬೆರಳು ನನ್ನ ಅಂಗೈಯನ್ನು ಒತ್ತಿತು. "ಎರಡು," ಎಂದಳು ದೊಡ್ಡವ್ವ, ತನ್ನದೇ ದನಿಯಲ್ಲಿ. ಮೂರು ನಾನು ಹೇಳಿದೆ. ನಾಲ್ಕು ಅವಳು. ಐದು ನಾನು. ಆರು ಬರಲಿಲ್ಲ. ಗಡಿಯಾರ ನೋಡಿ ಹೊತ್ತು ಬರೆದುಕೊಂಡೆ: ಎಂಟು ಗಂಟೆ ಐದು ನಿಮಿಷ.

ಅವಳನ್ನು ಅವಳಾಗಿಯೇ ಕಳಿಸಿಕೊಟ್ಟೆ ಎಂಬ ಸಮಾಧಾನ ಇಷ್ಟು ದಿನ ಇತ್ತು. ಹೋದ ತಿಂಗಳು ದಿನಚರಿ ತಿರುವುವಾಗ ಈಚೆಗಿನ ಒಂದು ಪುಟ ಸಿಕ್ಕಿತು. ಕಡ್ಡಿಗಳ ಲೆಕ್ಕ, ನನ್ನದೇ ಅಕ್ಷರ. ನಾನು ಯಾವಾಗಲೂ ಮೊದಲ ಸಾಲಿಗೆ "ಲಾ" ಎಂದು ಬರೆಯುವವಳು. ಆ ಪುಟ "ಒಂದು" ಎಂದು ಶುರುವಾಗಿದೆ. ಬರೆದ ನೆನಪಿಲ್ಲ. ಮಾತ್ರೆ ಮತ್ತೆ ಶುರು ಮಾಡಿದ್ದೇನೆ. ಬೆಳಗ್ಗೆ ಎದ್ದ ಕೂಡಲೇ ಜೋರಾಗಿ ಎಣಿಸುತ್ತೇನೆ. ಇವತ್ತಿನವರೆಗೂ ಮೊದಲು ಬಂದಿರುವುದು ಲಾಭವೇ. ಬಾರದ ದಿನ ನನ್ನ ಗಲ್ಲ ಹಿಡಿದು ಕಾಯಲು ದೊಡ್ಡವ್ವ ಇಲ್ಲ.

ಭೇರ್ಯದ ಕಡೆಯ ಹಿರಿಯರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಕೇಳಿಕೆ. ಹಿಂದೆ ನಿಮ್ಮಲ್ಲಿ ಕಳೆ ಕೀಳಲು ಬರುತ್ತಿದ್ದ ಒಬ್ಬ ಹೆಂಗಸು, ಗಾಳಿ ಮೆಟ್ಟಿಕೊಂಡ ಹುಡುಗಿಯೊಬ್ಬಳನ್ನು ಎಣಿಸಿ ಎಣಿಸಿ ಈಚೆಗೆ ಕರೆದುಕೊಂಡಳಂತೆ. ಅವಳು ಯಾರು, ಅವಳಿಗೆ ಕಲಿಸಿದವರು ಯಾರು, ಅವಳ ಕಡೆಯವರು ಯಾರಾದರೂ ಈಗಲೂ ಲಾಭದಿಂದ ಎಣಿಸುತ್ತಾರೆಯೇ? ಗೊತ್ತಿದ್ದವರು ದಯವಿಟ್ಟು ಈ ಪತ್ರಿಕೆಗೆ ಒಂದು ಸಾಲು ಬರೆಯಿರಿ. ಬೇಗ ಬರೆದರೆ ಒಳ್ಳೆಯದು.