ಸೋಲುವ ತಂಡದ ಮಫ್ಲರ್

ಕಳೆದ ಶನಿವಾರ ಸಂಜೆ ಆರು ಗಂಟೆ. ಯಲ್ಲಾಪುರದಲ್ಲಿ ನಾನು ಮತ್ತು ತೀರಿಕೊಂಡ ತಮ್ಮನ ಹೆಂಡತಿ ಸಾವಿತ್ರಿ ಅವನ ಬಟ್ಟೆಗಳನ್ನು ದಾನಕ್ಕೆಂದು ಗಂಟು ಕಟ್ಟುತ್ತಿದ್ದೆವು. ಇಂಗ್ಲೆಂಡಿನ ಸಣ್ಣ ಫುಟ್‌ಬಾಲ್ ಕ್ಲಬ್ಬೊಂದರ ಮಫ್ಲರ್ ಸಿಕ್ಕಿತು. ತಮ್ಮ ಅಲ್ಲಿಗೆ ಹೋದವನಲ್ಲ; ಮೊಬೈಲಿನಲ್ಲೇ ಆಟ ನೋಡಿ, ಅಲ್ಲಿಯ ಅಭಿಮಾನಿಗಳೊಡನೆ ಹರಟುತ್ತಿದ್ದ.

“ಸೋಲದು ಬಿಟ್ರೆ ಎಂತೂ ಗೊತ್ತಿಲ್ಲೆ ಈ ತಂಡದವಕ್ಕೆ,” ಎಂದು ಸಾವಿತ್ರಿ ಅದನ್ನೂ ಗಂಟಿಗೆ ಸೇರಿಸಿದಳು.

ಅಷ್ಟರಲ್ಲಿ ತಮ್ಮನ ಮೊಬೈಲಿಗೆ ವಿಡಿಯೊ ಕರೆ ಬಂತು. ಸಾವಿನ ಸುದ್ದಿಯನ್ನು ಆ ಗೆಳೆಯರಿಗೆ ನಾನೇ ತಿಳಿಸಿದ್ದೆ. ತೆರೆಯಲ್ಲಿ ಮೈದಾನ ಕಂಡಿತು; ಆಟಕ್ಕೆ ಮುಂಚೆ ಅವರೆಲ್ಲ ಟೋಪಿ ತೆಗೆದು, ತಮ್ಮನ ಫೋಟೊ ಹಿಡಿದು ಮೌನವಾಗಿ ನಿಂತಿದ್ದರು. ಸಾವಿತ್ರಿಯೂ ಎದ್ದು ನಿಂತಳು.

“ಭಾವಾ, ಮಫ್ಲರ್ ಕೊಡದು ಬ್ಯಾಡ.”

ಒಮ್ಮೆ ಕಟ್ಟಿದ ಗಂಟನ್ನು ಬಿಚ್ಚುವುದು ನನ್ನ ಕ್ರಮವಲ್ಲ. ಅಂದು ಬಿಚ್ಚಿದೆ. ಮಫ್ಲರನ್ನು ಮಡಚಿ ಅವಳ ಕೈಗಿತ್ತು, ಉಳಿದದ್ದನ್ನು ಮತ್ತೆ ಕಟ್ಟಿಟ್ಟೆ.