ಹಡಗು ನೋಡಲು ಹೋದ ಅವ್ವ

ಅವ್ವ ಹಡಗು ನೋಡಲೆಂದೇ ಮಂಗಳೂರಿಗೆ ಹೋಗಿಬಂದವಳು ಎಂದು ನಮ್ಮ ಬಂಧುಬಳಗದವರು ಈಗಲೂ ಹೇಳುತ್ತಾರೆ. ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತದೆ.

ಅವ್ವನ ತವರು ಜಗಳೂರು ಕಡೆಯ ಸೊಕ್ಕೆ. ಒಂದು ಕೊಡ ನೀರಿಗೂ ಬಾವಿಯ ಹತ್ತಿರ ಸರದಿ ಕಾಯುವ ಊರು. ಮದುವೆಯಾಗಿ ಬಸವಾಪಟ್ಟಣಕ್ಕೆ ಬಂದ ಮೇಲೆ ಸೂಳೆಕೆರೆಯ ಏರಿಯ ಮೇಲೆ ನಿಂತು, "ಇಷ್ಟು ನೀರು ಐತಾ!" ಎಂದು ಬಾಯಿ ಬಿಟ್ಟವಳು ಅವಳು. ಆಚೆ ದಡವೇ ಕಾಣದ ನೀರೂ ಇದೆ, ಅದರ ಮೇಲೆ ಹೊಗೆ ಕಾರುತ್ತ ಆಗಬೋಟೆಂಬ ದೊಡ್ಡ ಹಡಗು ಓಡಾಡುತ್ತದೆ ಎಂದು ಅಪ್ಪ ಹೇಳಿದಾಗಿನಿಂದ ಅವಳಿಗೆ ಅದೊಂದೇ ಆಸೆ. ಅಪ್ಪ ಅಡಿಕೆ ವ್ಯಾಪಾರಕ್ಕೆ ಮಂಗಳೂರಿಗೆ ಹೊರಟಾಗಲೆಲ್ಲ, "ಒಂದ್ಸಲ ಕರ್ಕೊಂಡು ಹೋಗ್ರಿ" ಎನ್ನುತ್ತಿದ್ದಳು.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಹಿಂದಿನ ಚಳಿಗಾಲದಲ್ಲಿ ಅಪ್ಪ ತಾನಾಗಿಯೇ, "ನಡಿ, ಹಡಗು ತೋರಿಸ್ತೀನಿ" ಎಂದ. ಆ ಔದಾರ್ಯದ ಗುಟ್ಟು ಆಮೇಲೆ ತಿಳಿಯಿತು. ಆ ಸಲ ದೊಡ್ಡಪ್ಪನೂ ಹೊರಟಿದ್ದ. ಮೀನು ತಿನ್ನುವ ಊರಿನ ಖಾನಾವಳಿಯಲ್ಲಿ ಅವನು ನೀರೂ ಮುಟ್ಟುವವನಲ್ಲ. ಲಿಂಗ ಕಟ್ಟಿದವರ ಕೈಯಡುಗೆಯೇ ಆಗಬೇಕು. ಹೀಗೆ ಜೋಳದ ಹಿಟ್ಟು, ರೊಟ್ಟಿ ಹಂಚು, ಅವ್ವ, ಎಲ್ಲವೂ ಬಸ್ಸು ಹತ್ತಿದವು. ಜೊತೆಗೆ ನಾನು.

ಬಂದರಿನ ಅಡಿಕೆ ಮಂಡಿಯ ಹಿಂದಿನ ಕೋಣೆಯಲ್ಲಿ ನಮ್ಮ ಬಿಡಾರ. ಅದಕ್ಕೆ ಕಿಟಕಿಯೂ ಇರಲಿಲ್ಲ. ಪುಷ್ಯದ ಚಳಿಗೆಂದು ಕಂಬಳಿ ಹೊತ್ತು ಹೋಗಿದ್ದೆವು. ಅಲ್ಲಿ ಕೂತಲ್ಲೇ ಬೆವರು. ಬೆಳಿಗ್ಗೆ ಗಂಡಸರ ಹಿಂದೆ ನಾನೂ ಹಡಗು ನಿಲ್ಲುವ ದಕ್ಕೆಗೆ ಹೋದೆ. ಹಾಯಿ ಇಳಿಸಿದ ಹಡಗುಗಳು ಮೈಗೆ ಮೈ ತಾಗಿಸಿ ನಿಂತಿದ್ದವು. ಕೂಲಿಯವರು ಮೂಟೆ ಹೊತ್ತು ಬಳುಕುವ ಹಲಗೆಯ ಮೇಲೆ ಓಡುತ್ತಲೇ ಹತ್ತುತ್ತಿದ್ದರು. ಒಣಮೀನಿನ ವಾಸನೆಗೆ ದೊಡ್ಡಪ್ಪ ಶಲ್ಯದಿಂದ ಮೂಗು ಮುಚ್ಚಿಕೊಂಡ, ಕಣ್ಣು ಮಾತ್ರ ಮುಚ್ಚಲಿಲ್ಲ. ಅಳಿವೆಯ ಆಚೆ ಕಡಲಲ್ಲಿ ಕಪ್ಪನೆಯ ಆಗಬೋಟು ನಿಂತಿತ್ತು. ದೋಣಿಗಳು ಜನರನ್ನು ಅತ್ತ ಸಾಗಿಸುತ್ತಿದ್ದವು.

ನಾನು ಬಿಡಾರಕ್ಕೆ ಓಡಿದೆ. "ಅವ್ವಾ, ಬಾರವ್ವಾ, ಆಗಬೋಟು ಬಂದೈತೆ!"

ಅವಳು ಹಿಟ್ಟಿನ ಕೈ ತೊಳೆದು, ಸೆರಗು ಸರಿಮಾಡಿಕೊಂಡು ಹೊರಟಳು. ಬಾಗಿಲಲ್ಲೇ ಅಪ್ಪ ಎದುರಾದ.

"ಅಣ್ಣಗೆ ಹಸಿವಾಗೈತೆ. ಮೊದ್ಲು ರೊಟ್ಟಿ ಬಡಿ."

"ಬುತ್ತಿಯೊಳಗೆ ಒಣ ರೊಟ್ಟಿ ಅದಾವಲ್ರಿ. ನೋಡಿ ಬಂದು ಮಾಡ್ತೀನಿ."

"ಬಿಸಿ ರೊಟ್ಟಿ ಇಲ್ದೆ ಅಣ್ಣ ಉಣ್ಣಲ್ಲ. ಹಡಗು ಎಲ್ಲಿಗೆ ಓಡಿ ಹೋಗ್ತೈತೆ?"

ಹಡಗು ಇರುವುದೇ ಹೋಗುವುದಕ್ಕೆ! ವರ್ಷವರ್ಷವೂ ನೋಡಿದವನಿಗೆ ಅಷ್ಟೂ ಗೊತ್ತಿರಲಿಲ್ಲವೇ? ದೊಡ್ಡಪ್ಪನೋ, ಒಂದು ತಿಂದು ಮುಗಿಸಿ "ಇನ್ನೊಂದು ಬರ್ಲಿ" ಎನ್ನುತ್ತಿದ್ದ. ಆ ಹೊಟ್ಟೆಗಿಷ್ಟು ಬೆಂಕಿ ಹಾಕಬೇಕೆನಿಸಿತು ನನಗೆ. ರೊಟ್ಟಿ ಬಡಿಯುವ ಸದ್ದಿನ ನಡುವೆ ಆಗಬೋಟು ಕೂಗಿತು. ಅವ್ವನ ಕೈ ನಿಂತಿತು. "ರೊಟ್ಟಿ ಹೊತ್ತಿತು ನೋಡು!" ಎಂದು ಅಪ್ಪ ಗದರಿದ.

ಪಾತ್ರೆ ತೊಳೆಯಲು ಅವಳು ಹಿತ್ತಲಿಗೆ ಬಂದಾಗ ಮನೆಗಳ ಮಾಡಿನ ಮೇಲೆ ಒಂದಿಷ್ಟು ಹೊಗೆ ಕಂಡಿತು, ಅಷ್ಟೇ. ಬಸ್ಸಿಗೆ ಹೊತ್ತಾಯಿತೆಂದು ಅಲ್ಲಿಂದಲೇ ಹೊರಡಿಸಿದರು. ದಕ್ಕೆಗೆ ಹೋಗುವುದಿರಲಿ, ಅತ್ತ ತಿರುಗಿ ನೋಡುವುದಕ್ಕೂ ಬಿಡಲಿಲ್ಲ.

ಊರಿಗೆ ಬಂದ ದಿನ ನೆರೆಹೊರೆಯ ಹೆಂಗಸರೆಲ್ಲ ನಮ್ಮ ಅಂಗಳದಲ್ಲಿ ಸೇರಿದರು. "ಹಡಗು ಹೆಂಗಿತ್ತಕ್ಕಾ?"

ಜಗುಲಿಯಿಂದಲೇ ಅಪ್ಪ, ಅದರ ಉದ್ದ ಎಷ್ಟು, ಎತ್ತರ ಎಷ್ಟು ಎಂದು ಬಣ್ಣಿಸತೊಡಗಿದ. ಅವನು ಮುಗಿಸಿದ ಮೇಲೆ ಅವ್ವ ಹೇಳಿದಳು:

"ನಾನು ಹೊಗೆ ನೋಡ್ದೆ. ಅದು ಹಡಗಿಂದೋ, ನಾನು ಹಚ್ಚಿದ ಒಲೇದೋ, ಗೊತ್ತಾಗ್ಲಿಲ್ಲ."

ಹೆಂಗಸರು ಯಾರೂ ನಗಲಿಲ್ಲ. ದೊಡ್ಡಪ್ಪ ಕೇಳಿಸದವನಂತೆ ಎಲೆ ಅಡಿಕೆ ಜಗಿಯುತ್ತಿದ್ದ.