ಕುಲೆಯ ಮನೆಯ ಹೊಲಿಗೆ ಟೀಚರ್

ಮೊನ್ನೆ ಮೂಡುಬಿದಿರೆಯ ರಿಪೇರಿ ಅಂಗಡಿಯಲ್ಲಿ ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬೆಳುವಾಯಿಯ ಹಂಚಿನ ಮನೆ, ಕಿಟಕಿಯ ಬಳಿ ಬೆನ್ನು ಬಗ್ಗಿಸಿ ಕೂತ ನಮ್ಮ ಹೊಲಿಗೆ ಟೀಚರ್ ಕಣ್ಣಮುಂದೆ ಬಂದರು.

ಆ ಮನೆಯಲ್ಲಿ ಕುಲೆ ಉಂಟು ಎಂದು ಊರೆಲ್ಲ ಹೇಳುತ್ತಿತ್ತು. ಕುಲೆಯೆಂದರೆ ಸತ್ತವರ ಪ್ರೇತ. ಸತ್ತದ್ದು ಯಾರು ಎಂದು ಕೇಳಿದರೆ ಕೆಲವರು ಬಾಣಂತಿ ಎಂದರು, ಕೆಲವರು ಮುದುಕ ಎಂದರು... ಹೆಂಗಸೋ ಗಂಡಸೋ ಎಂಬುದೂ ಗೊತ್ತಿಲ್ಲದ ಪ್ರೇತಕ್ಕೆ ಹೆದರುವವರ ಬುದ್ಧಿಗೆ ಏನೆನ್ನಬೇಕು? ಗಂಡನನ್ನು ಬಿಟ್ಟು ಬಂದಿದ್ದ ಟೀಚರಿಗೆ ಯಾರೂ ಬಾಡಿಗೆಗೆ ಮನೆ ಕೊಡಲಿಲ್ಲ. ಒಂಟಿ ಹೆಂಗಸು ಬೇಡ ಎಂದ ಮರ್ಯಾದಸ್ಥರೇ ಕೊನೆಗೆ ಈ ಮನೆ ತೋರಿಸಿದ್ದು. ಟೀಚರ್ ಪ್ರೇತದ ಜೊತೆ ಇರಬಹುದಿತ್ತು, ಈ ಮರ್ಯಾದಸ್ಥರ ಪಕ್ಕದಲ್ಲಿ ಇರಬಾರದಿತ್ತು.

ಪಿಯುಸಿ ಮುಗಿಸಿ ಮನೆಯಲ್ಲಿದ್ದ ನನ್ನನ್ನು ಉಮ್ಮ ಅಲ್ಲಿಗೆ ಹೊಲಿಗೆ ಕಲಿಯಲು ಕಳಿಸಿದರು. ಜಿನ್ನ್ ಹಿಡಿಯುತ್ತದೆ ಎಂದರು ನಮ್ಮವರು, ಕುಲೆ ಹಿಡಿಯುತ್ತದೆ ಎಂದರು ಆಚೆಮನೆಯವರು. ಬೇರೆ ಯಾವುದಕ್ಕೂ ಒಂದಾಗದವರು ಇದಕ್ಕೆ ಒಂದಾದರು.

"ಹುಡುಗಿಯ ಕೈಗೆ ಒಂದು ಕೆಲಸ ಬರ್ಲಿ. ಜಿನ್ನ್ ಬಂದ್ರೆ ನಾನು ಮಾತಾಡ್ತೇನೆ" ಎಂದರು ಉಮ್ಮ.

ಅಟ್ಟದಲ್ಲಿ ಸದ್ದಾದರೆ ಹೊಲಿಗೆ ಕಲಿಯುವ ಹುಡುಗಿಯರೆಲ್ಲ ಕತ್ತೆತ್ತುತ್ತಿದ್ದೆವು. ಟೀಚರ್ ಎತ್ತುತ್ತಿರಲಿಲ್ಲ. "ಪುನುಗು ಬೆಕ್ಕು. ನೀವು ಗುಂಡಿಯ ಕಾಜಾ ಸರಿ ಹಾಕಿ."

ಒಂದು ಬೆಳಿಗ್ಗೆ ನಮ್ಮೊಳಗೊಬ್ಬಳು ತಲೆಸುತ್ತಿ ಬಿದ್ದಳು. ಅವಳ ಮನೆಯವರು ಡಾಕ್ಟರ ಬದಲು ಮಂತ್ರವಾದಿಯನ್ನು ಕರೆತಂದರು. ಅಂಗಳದಲ್ಲಿ ನಿಂಬೆಹಣ್ಣು, ಕುಂಕುಮ, ನೋಡಲು ನೆರೆದ ಜನ. ಟೀಚರ್ ಜಗಲಿಗೆ ಬಂದರು.

"ಅವಳು ಬೆಳಿಗ್ಗೆ ಏನು ತಿಂದಿದ್ದಾಳೆ ಅಂತ ಯಾರಾದ್ರೂ ಕೇಳಿದ್ರಾ?"

ಟೀಚರ್ ಅಂಗಳಕ್ಕಿಳಿದು ನಿಂಬೆಹಣ್ಣುಗಳನ್ನು ಹೆಕ್ಕಿಕೊಂಡರು.

"ಮನೆಗೆಲಸ ಎಲ್ಲ ಮುಗಿಸಿ ಖಾಲಿ ಹೊಟ್ಟೆಯಲ್ಲಿ ಓಡಿ ಬರ್ತಾಳೆ. ಡಾಕ್ಟರಿಗೆ ತೋರಿಸಿ. ನಿಂಬೆಹಣ್ಣು ಇಲ್ಲೇ ಇರ್ಲಿ, ಶರಬತ್ತು ಮಾಡಿ ಕೊಡ್ತೇನೆ."

ಮಾಡಿಯೂ ಕೊಟ್ಟರು. ಹುಡುಗಿ ಕುಡಿದು ಎದ್ದು ಕೂತಳು. ಆದರೆ ಕಣ್ಣಾರೆ ಕಂಡದ್ದನ್ನು ನಂಬಿದರೆ ಊರಿಗೆ ಮಾತಾಡಲು ಏನು ಉಳಿಯುತ್ತದೆ? ಮಂತ್ರವಾದಿ ಹೋದ, ಹಿಂದೆಯೇ ಹುಡುಗಿಯರೂ ಹೊಲಿಗೆ ಕ್ಲಾಸು ಬಿಟ್ಟರು. ನಾನೊಬ್ಬಳೇ ಉಳಿದ ದಿನ ಟೀಚರ್ ನನಗೆ ಬೆನ್ನು ಹಾಕಿ ಬಹಳ ಹೊತ್ತು ಸೂಜಿಗೆ ದಾರ ಪೋಣಿಸುತ್ತಲೇ ಇದ್ದರು...

ನಾನು ಮದುವೆಯಾಗಿ ಬಂಟ್ವಾಳಕ್ಕೆ ಬಂದು ಹೊಲಿಗೆ ಅಂಗಡಿ ಇಟ್ಟೆ. ಕೆಲವು ವರ್ಷಗಳ ನಂತರ ಟೀಚರ್ ಕಾಮಾಲೆಯಿಂದ ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಮಧ್ಯಾಹ್ನದ ಹೊತ್ತು. ನಾನು ಪಕ್ಕದಲ್ಲಿದ್ದೆ. "ಮನೆಗೆ ಹೋಗುವ, ಕಿಟಕಿ ತೆರೆದೇ ಬಂದಿದ್ದೇನೆ" ಎಂದು ಎರಡು ಸಲ ಹೇಳಿದ್ದರು.

ಕಳೆದ ತಿಂಗಳು ಅಂಗಡಿಗೆ ಬಂದ ಗಿರಾಕಿಯೊಬ್ಬರು ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದರು. ಬೆಳ್ತಂಗಡಿ ಕಡೆಯ ಇಬ್ಬರು ಗಂಡಸರು ಪಾಳುಬಿದ್ದ ಆ ಮನೆಯೊಳಗೆ ಏದುಸಿರು ಬಿಡುತ್ತ ನಡೆಯುತ್ತಾರೆ. ಇಲ್ಲಿ ಒಬ್ಬ ಹೊಲಿಗೆಯವಳು ನೇಣು ಹಾಕಿಕೊಂಡಳಂತೆ, ಈಗಲೂ ಮೆಷಿನ್ನಿನ ಸದ್ದು ಕೇಳುತ್ತದಂತೆ. ವಿಡಿಯೊದ ಕೆಳಗೆ ನಂಬರ್ ಇತ್ತು. ಫೋನ್ ಮಾಡಿದೆ.

"ಅವರು ಸತ್ತದ್ದು ಆಸ್ಪತ್ರೆಯಲ್ಲಿ, ಕಾಮಾಲೆ ಆಗಿ. ನಾನು ಹತ್ತಿರ ಇದ್ದೆ."

"ಇರಬಹುದು ಅಕ್ಕ. ಆದ್ರೆ ಕಾಮಾಲೆ ಅಂದ್ರೆ ಯಾರು ನೋಡ್ತಾರೆ ಮಾರಾಯ್ರೆ?" ಎಂದ ಅವರಲ್ಲೊಬ್ಬ. ಮತ್ತೆ ಬಹಳ ವಿನಯದಿಂದ ಕೇಳಿದ: "ನಿಮಗೆ ಅವರ ಗುರ್ತ ಉಂಟಲ್ಲ, ಸತ್ತ ಮೇಲೆ ಒಮ್ಮೆ ಕಂಡಿದ್ದೇನೆ ಅಂತ ಕ್ಯಾಮೆರಾ ಎದುರು ಹೇಳ್ತೀರಾ?"

ಫೋನ್ ಕಟ್ ಮಾಡಿದೆ.

ಬದುಕಿದ್ದಾಗ ಅವರ ಜಗಲಿ ಹತ್ತದ ಊರು ಈಗ ಟಾರ್ಚ್ ಹಿಡಿದು ಅವರನ್ನು ಹುಡುಕುತ್ತಿದೆ. ಈ ಮೂರ್ಖರ ಎದುರಿಗಾದರೂ ಟೀಚರ್ ಒಮ್ಮೆ ಬಂದು ನಿಲ್ಲಬಾರದೇ ಎಂದು ಎಷ್ಟೋ ಸಲ ಅನಿಸಿದೆ. ಬರುವುದಿಲ್ಲ. ಸತ್ತವರು ಬರುವುದಿಲ್ಲ... ನನ್ನ ಸಂಕಟವೂ ಅದೇ.